ಪೂರ್ತಿ ತುಂಬಿಸಬೇಡ

ತಮ್ಮಾ, ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಂಡೆಯಂತೆ, ಒಳ್ಳೆಯದೇ ಆಯಿತು. ಆದರೆ ಬ್ಯಾಟರಿ, ಫ್ಯಾನು ನೋಡಿಕೊಳ್ಳುತ್ತಿದ್ದ ಲೆನೊವೊ ವ್ಯಾಂಟೇಜ್ ಹೋಯಿತಲ್ಲ, ಅದರ ಜಾಗಕ್ಕೆ ಏನು ಹಾಕಲಿ ಅಂತ ರಾತ್ರಿಯೆಲ್ಲ ಹುಡುಕುತ್ತ ಕೂರಬೇಡ. ಅಂಥದ್ದೇ ಇನ್ನೊಂದು ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಅದರಲ್ಲಿ ನೀನು ನಿಜಕ್ಕೂ ಮುಟ್ಟುತ್ತಿದ್ದದ್ದು ಏನೇನು ಅಂತ ಒಂದು ಚೀಟಿಯಲ್ಲಿ ಬರೆ. ಮೂರೋ ನಾಲ್ಕೋ ಬಾಬತ್ತು ಬಂದರೆ ಹೆಚ್ಚು. ಅವುಗಳಲ್ಲಿ ಬಹುಪಾಲು ಆಗಲೇ ಲಿನಕ್ಸ್ ಕರ್ನಲ್ ಒಳಗೇ ಕೂತಿವೆ.

ಚೆನ್ನೈಯಲ್ಲಿರುವವನು ಮೊದಲು ನೋಡಬೇಕಾದ್ದು ಬ್ಯಾಟರಿ. ಲಿಥಿಯಂ ಬ್ಯಾಟರಿಗೆ ಸೆಕೆಯೂ ಆಗದು, ಸದಾ ನೂರಕ್ಕೆ ನೂರು ತುಂಬಿಕೊಂಡಿರುವುದೂ ಆಗದು. ಕತ್ತಿರಿ ಎನ್ನುವ ಕಡುಬೇಸಿಗೆಯ ಬಿಸಿಲಿನಲ್ಲಿ ಊರು 40 ಡಿಗ್ರಿ ಮುಟ್ಟಿರುವಾಗ, ಶೋಲಿಂಗನಲ್ಲೂರಿನ ಎಸಿ ಇಲ್ಲದ ರೂಮಿನಲ್ಲಿ ಹಗಲಿಡೀ ಚಾರ್ಜರ್ ಸಿಕ್ಕಿಸಿಟ್ಟರೆ ಎರಡೂ ಒಟ್ಟಿಗೆ ಬಂದ ಹಾಗಾಯಿತು. ನಿನ್ನದು ಐಡಿಯಾಪ್ಯಾಡ್ ತಾನೇ? ಅದರ ಡ್ರೈವರ್ ಕರ್ನಲ್‌ನಲ್ಲೇ ಇದೆ. ‘ಕನ್ಸರ್ವೇಶನ್ ಮೋಡ್’ ಎಂಬ ಪುಟ್ಟ ಫೈಲಿಗೆ 1 ಅಂತ ಬರೆದರೆ ಮಿತಿ ಬಿತ್ತು, 0 ಬರೆದರೆ ಮಿತಿ ಹೋಯಿತು. ಮಾದರಿ ನೋಡಿಕೊಂಡು 60ಕ್ಕೋ 80ಕ್ಕೋ ಚಾರ್ಜು ನಿಲ್ಲುತ್ತದೆ. ಥಿಂಕ್‌ಪ್ಯಾಡ್ ಮತ್ತು ಆಸುಸ್‌ನವರಿಗೆ ಇನ್ನೂ ಸಲೀಸು, ಇಂತಿಷ್ಟಕ್ಕೆ ನಿಲ್ಲು ಅಂತ ಅಂಕೆಯನ್ನೇ ಕೊಡಬಹುದು. ಫೈಲಿಗೆ ಕೈಹಾಕಲು ಮನಸ್ಸಿಲ್ಲದಿದ್ದರೆ ಟಿಎಲ್‌ಪಿ ಎಂಬ ತಂತ್ರಾಂಶವಿದೆ. 2025ರ ಮಾರ್ಚ್‌ನಲ್ಲಿ ಬಂದ ಗ್ನೋಮ್ ಡೆಸ್ಕ್‌ಟಾಪಿನ 48ನೇ ಆವೃತ್ತಿಯಿಂದ ಈಚೆಗೆ, ಯಂತ್ರ ಒಪ್ಪಿದರೆ ಸೆಟ್ಟಿಂಗ್ಸ್‌ನಲ್ಲೇ ಬ್ಯಾಟರಿ ಕಾಪಾಡುವ ಆಯ್ಕೆ ಕಾಣಿಸುತ್ತದೆ.

ಇನ್ನೊಂದು ವಿಷಯ ತಿಳಿದಿರಲಿ. ವಿಂಡೋಸ್ ಇದ್ದಾಗ ಹಾಕಿಟ್ಟ ಮಿತಿ ಎಷ್ಟೋ ಯಂತ್ರಗಳಲ್ಲಿ ಹಾಗೇ ಉಳಿದುಬಿಡುತ್ತದೆ, ಏಕೆಂದರೆ ಅದನ್ನು ನೆನಪಿಟ್ಟುಕೊಳ್ಳುವುದು ಮದರ್‌ಬೋರ್ಡಿನ ಚಿಪ್ಪು. ಚಾರ್ಜು 60ಕ್ಕೇ ನಿಂತುಬಿಟ್ಟಿತು ಅಂತ ಹೊಸ ಬ್ಯಾಟರಿಗಾಗಿ ರಿಚಿ ಸ್ಟ್ರೀಟಿಗೆ ಓಡಬೇಡ. ಆ ಫೈಲಿನಲ್ಲಿ 1 ಇದೆಯಾ ನೋಡು. ಊರಿಗೆ ಹೊರಟು ಬೃಂದಾವನ್ ಎಕ್ಸ್‌ಪ್ರೆಸ್ ಹತ್ತುವ ಹಿಂದಿನ ರಾತ್ರಿ ಮಾತ್ರ ಮಿತಿ ತೆಗೆದು ಪೂರ್ತಿ ತುಂಬಿಸಿಕೋ.

ಫ್ಯಾನಿನ ಸದ್ದು, ವೇಗ ಇವಕ್ಕೆ, ನೀನು ಹಾಕಿಕೊಂಡ ಲಿನಕ್ಸ್ ಉಬುಂಟು ಆಗಿದ್ದರೆ, ಅದರ ಪವರ್ ಸೆಟ್ಟಿಂಗ್ಸ್‌ನಲ್ಲಿರುವ ಆಯ್ಕೆಗಳೇ ಸಾಕು. ಅವುಗಳ ಹಿಂದೆ ಕೆಲಸ ಮಾಡುವುದು ಪವರ್ ಪ್ರೊಫೈಲ್ಸ್ ಡೀಮನ್. ಅದನ್ನು ಬಿಡದೆ ಟಿಎಲ್‌ಪಿಯನ್ನೂ ಹಾಕಿದರೆ ಒಂದು ಗದ್ದೆಗೆ ಇಬ್ಬರು ನೀರು ತಿರುಗಿಸಿದ ಹಾಗೆ. ಯಾವುದಾದರೂ ಒಂದನ್ನೇ ಇಟ್ಟುಕೋ. ಕೀಬೋರ್ಡಿನ ಬಣ್ಣದ ದೀಪ ಬೇಕೆನ್ನುವವರಿಗೆ ಓಪನ್‌ಆರ್‌ಜಿಬಿ ಇದೆ. ನನಗಂತೂ ಆ ಗೋಜು ಬೇಡಪ್ಪ.

ಯಾರೋ ಬರೆದಿಟ್ಟ ಸ್ಕ್ರಿಪ್ಟನ್ನು ಓದದೆ ಸುಡೊ ಹಾಕಿ ಓಡಿಸುವ ಚಾಳಿ ಮಾತ್ರ ಬೇಡ. ಗೊತ್ತಿಲ್ಲದ್ದನ್ನು ಕೇಳು, ಈ ಊರಿನಲ್ಲಿ ಹೇಳಿಕೊಡುವವರಿಗೆ ಬರವಿಲ್ಲ. ನಮ್ಮ ದೇಶದ್ದೇ ಆದ ಬಾಸ್ ಲಿನಕ್ಸ್ ರೂಪುಗೊಂಡದ್ದೇ ಚೆನ್ನೈನ ಸಿ-ಡ್ಯಾಕ್‌ನಲ್ಲಿ. 2011ರಲ್ಲಿ ಶುರುವಾದ ತಮಿಳುನಾಡು ಸರ್ಕಾರದ ಉಚಿತ ಲ್ಯಾಪ್‌ಟಾಪ್‌ಗಳ ಮೂಲಕ ಅದು ಶಾಲಾ ಮಕ್ಕಳ ಕೈಗೂ ಹೋಗಿದೆ.

ಉಳಿದದ್ದು ಬಯೋಸ್ ಅಪ್‌ಡೇಟ್. ಎಫ್‌ಡಬ್ಲ್ಯೂಯುಪಿಡಿ ಎಂಬ ತಂತ್ರಾಂಶ ಅದನ್ನು ಲಿನಕ್ಸ್‌ನಿಂದಲೇ ಮಾಡುತ್ತದೆ. ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್‌ನಂಥವಕ್ಕೆ ಧಾರಾಳವಾಗಿ ಸಿಗುತ್ತದೆ. ಕಡಿಮೆ ಬೆಲೆಯ ಮಾದರಿಗಳಿಗೆ ಎಷ್ಟೋ ಸಲ ಸಿಗುವುದಿಲ್ಲ. ಆದ್ದರಿಂದ ನಿನ್ನ ರೂಮ್‌ಮೇಟ್ ಕೂಡ ಬದಲಾಯಿಸಲು ಹೊರಟಿದ್ದರೆ, ವಿಂಡೋಸ್ ಅಳಿಸುವ ಮುಂಚೆಯೇ ಅದೊಂದನ್ನು ಮುಗಿಸಿಕೊಳ್ಳಲು ಹೇಳು. ನಿನಗೆ ಅಪ್‌ಡೇಟ್ ಸಿಕ್ಕರೆ ಚಾರ್ಜರ್ ಸಿಕ್ಕಿಸಿಯೇ ಕೂರು. ನವೆಂಬರಿನ ಮಳೆ ಹೊಯ್ದು ಕರೆಂಟು ಹೋಗಿ ಬಂದು ಮಾಡುತ್ತಿರುವ ಸಂಜೆಯಲ್ಲಂತೂ ಅದಕ್ಕೆ ಕೈಹಾಕಬೇಡ.