ಅರ್ಧಕ್ಕೆ ಮುಚ್ಚಿದ ಪುಸ್ತಕ ಮತ್ತು ಕಾಲಾಮರ ಪ್ರಶ್ನೆ



*ಇಂದಿನ ಧಮ್ಮ ಚಿಂತನೆ*



ಕೇಸಪುತ್ತ ಎಂಬ ಊರಿಗೆ ಭಗವಾನ್ ಬುದ್ಧರು ಬಂದಾಗ ಅಲ್ಲಿನ ಕಾಲಾಮರು ತಮ್ಮ ಕಷ್ಟ ಹೇಳಿಕೊಂಡರು. ಬರುವ ಗುರುಗಳೆಲ್ಲ ತಮ್ಮ ಮತವನ್ನು ಹೊಗಳುತ್ತಾರೆ, ಬೇರೆಯವರದನ್ನು ತೆಗಳುತ್ತಾರೆ, ನಾವು ಯಾರನ್ನು ನಂಬಬೇಕು? ಪರಂಪರೆಯಿಂದ ಬಂದಿದೆ ಎಂದು, ಗ್ರಂಥದಲ್ಲಿದೆ ಎಂದು, ಹೇಳುವವರು ದೊಡ್ಡವರು ಎಂದು ಒಪ್ಪಬೇಡಿ ಎಂದರು ಬುದ್ಧರು. ನೀವೇ ಪರೀಕ್ಷಿಸಿ, ಕೇಡು ತರುವುದನ್ನು ಬಿಡಿ, ಹಿತ ತರುವುದನ್ನು ಹಿಡಿಯಿರಿ ಎಂದರು. ಅಂಗುತ್ತರ ನಿಕಾಯದ ಈ ಸುತ್ತ ನಮಗೆಲ್ಲ ಗೊತ್ತು. ಇದನ್ನು ಓದಿನ ವಿಷಯಕ್ಕೂ ಅನ್ವಯಿಸಿ ನೋಡೋಣ.

ಮಾಸ್ತಿ ವೆಂಕಟೇಶ ಅಯ್ಯಂಗಾರರ 'ಚಿಕವೀರ ರಾಜೇಂದ್ರ' ಕಾದಂಬರಿಯನ್ನು ಈ ಬೇಸಿಗೆ ರಜೆಯಲ್ಲಿ ಹಿಡಿದೆ. ಬಾಬಾಸಾಹೇಬರು ನಾಗಪುರದಲ್ಲಿ ಧಮ್ಮದೀಕ್ಷೆ ತೆಗೆದುಕೊಂಡ 1956ರಲ್ಲೇ ಬಂದ ಪುಸ್ತಕ. 1983ರ ಜ್ಞಾನಪೀಠ ಪಡೆದದ್ದು. ಕೊಡಗಿನ ಕೊನೆಯ ರಾಜನ ಕಥೆ. ಹದಿನೈದು ದಿನ ಓದಿ, ಅರ್ಧ ದಾಟಿದ ಮೇಲೆ ಮುಚ್ಚಿಟ್ಟೆ. ಕೂಟದ ತಮ್ಮನೊಬ್ಬ ಕೇಳಿದ: "ಮೇಷ್ಟ್ರೇ, ಕನ್ನಡ ಎಂ.ಎ. ಮಾಡಿದ ನೀವೇ ಜ್ಞಾನಪೀಠದ ಪುಸ್ತಕ ಅರ್ಧಕ್ಕೆ ಬಿಟ್ಟರೆ ಹೇಗೆ?"

ಒಳ್ಳೆಯ ಪ್ರಶ್ನೆ. ಪ್ರಶಸ್ತಿ ಬಂದಿದೆ ಎನ್ನುವುದು ಓದಿ ಮುಗಿಸಲು ಕಾರಣವಾಗದು. ಹಾಗೆಯೇ, ನನಗೆ ಹಿಡಿಸಲಿಲ್ಲ ಎನ್ನುವುದು ಬಿಡಲು ಸಾಲದು. ಕಾಲಾಮರಿಗೆ ಬುದ್ಧರು ಕೊಟ್ಟ ಒರೆಗಲ್ಲು ಲೋಭ, ದ್ವೇಷ, ಮೋಹ. ಅದಕ್ಕೇ ಉಜ್ಜಿ ನೋಡಬೇಕು.

*ಲೋಭ.* ಬೇಗ ರುಚಿ ಸಿಗಲಿ ಎಂಬ ಆಸೆಯಿಂದ ಬಿಟ್ಟೆನೇ? ಈಗ ಫೋನು ಕೈಯಲ್ಲಿದ್ದರೆ ಹತ್ತು ಪುಟ ಓದುವುದೂ ಕಷ್ಟ. ಆ ಚಪಲದಿಂದ ಬಿಟ್ಟಿದ್ದರೆ ಅದು ಸೋಮಾರಿತನ. ಹಾಗಾಗದಿರಲಿ ಎಂದೇ ಅರ್ಧದವರೆಗೆ ಓದಿದೆ.

*ದ್ವೇಷ.* ಬರೆದವರ ಜಾತಿ ನೋಡಿ ಬಿಟ್ಟೆನೇ? ಇದನ್ನು ನಾವು ನಮ್ಮೊಳಗೆ ಗಟ್ಟಿಯಾಗಿ ಕೇಳಿಕೊಳ್ಳಬೇಕು. ಮಾಸ್ತಿಯವರ ಸಣ್ಣ ಕಥೆಗಳನ್ನು ನಾನು ತರಗತಿಯಲ್ಲಿ ಪ್ರೀತಿಯಿಂದಲೇ ಪಾಠ ಮಾಡುತ್ತೇನೆ. ಸಾರಿಪುತ್ರರ ಕೊನೆಯ ದಿನಗಳ ಬಗ್ಗೆ ಕಥೆ ಬರೆದವರು ಅವರು. ಅವರ ಕನ್ನಡದ ಸರಳತೆ, ತಾಳ್ಮೆ ಈ ಕಾದಂಬರಿಯಲ್ಲೂ ಇದೆ.

*ಮೋಹ.* ತಿಳಿಯದೆ ಬಿಟ್ಟೆನೇ? ಇಲ್ಲಿ ಸ್ವಲ್ಪ ನಿಲ್ಲೋಣ. ಕುಡಿತ, ಕ್ರೌರ್ಯಗಳಲ್ಲಿ ಮುಳುಗಿದ ರಾಜ, ಸಾಧ್ವಿ ರಾಣಿ ಗೌರಮ್ಮ, ಮಂತ್ರಿಗಳಾದ ಬೋಪಣ್ಣ ಮತ್ತು ಲಕ್ಷ್ಮೀನಾರಾಯಣಯ್ಯ, ಹೊರಗೆ ಕಾದಿರುವ ಕಂಪನಿ, ಕಥೆ ಇವರ ಸುತ್ತ ತಿರುಗುತ್ತದೆ. ರಾಜನ ದುಷ್ಟತನಕ್ಕೆ ಕೈಯಾಗುವವನು ಕುಂಟ ಬಸವ. ಕಾಲು ಊನ, ಕೀಳು ಹುಟ್ಟಿನವನೆಂದು ಎಲ್ಲರ ತಾತ್ಸಾರ. ಅವನು ಇತಿಹಾಸದಲ್ಲೂ ಇದ್ದವನೇ. ಅವನ ಸ್ವಾಮಿನಿಷ್ಠೆಯನ್ನು ಮಾಸ್ತಿ ಮರೆಮಾಚುವುದಿಲ್ಲ. ಆದರೂ ಓದುತ್ತಾ ಹೋದಂತೆ ನನಗೆ ಕಾಡಿದ್ದು ಒಂದೇ: ರಾಜ್ಯ ಕೆಟ್ಟದ್ದರ ಲೆಕ್ಕವೆಲ್ಲ ಅರಮನೆಯೊಳಗೇ ಮುಗಿಯುತ್ತದೆ. ಆ ಅರಮನೆಗೆ ಅಕ್ಕಿ ಬೆಳೆದವರು ಯಾರು?

ಕೊಡಗಿನ ಗದ್ದೆಗಳಲ್ಲಿ ದುಡಿದವರಲ್ಲಿ ಹೊಲೆಯರು ಎಂದು ಕರೆಸಿಕೊಂಡ ನಮ್ಮ ಜನರೂ ಇದ್ದರು. ಜಮ್ಮದ ಆಳುಗಳಾಗಿ ತಲೆಮಾರುಗಳ ಕಾಲ ಜೀತದಲ್ಲಿದ್ದರು. ಕೆಲವರು ಭೂಮಿಗೆ ಅಂಟಿಕೊಂಡವರು, ಭೂಮಿ ಕೈ ಬದಲಾದರೆ ಅದರ ಜೊತೆ ಹೋಗುವವರು. ಕೆಲವರು ಒಕ್ಕಲ ಮನೆಯ ಸ್ವಂತ ಸೊತ್ತು. ಬ್ರಿಟಿಷರ ಕಾಲದ ಕೊಡಗಿನ ಗೆಝೆಟಿಯರ್‌ನಂಥ ದಾಖಲೆಗಳಲ್ಲಿ ಇದು ಸಿಗುತ್ತದೆ. 1834ರಲ್ಲಿ ರಾಜ ಪದಚ್ಯುತನಾದ. ಕಂಪನಿಯ ಆಡಳಿತದಲ್ಲಿ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆ ತೆಗೆದದ್ದು 1843ರಲ್ಲಿ. ಹಾಗಾದರೆ ಸ್ವಾತಂತ್ರ್ಯ ಹೋದದ್ದು ಯಾರದು? ಕಳೆದುಕೊಳ್ಳಲು ಸ್ವಾತಂತ್ರ್ಯವೇ ಇಲ್ಲದಿದ್ದವರಿಗೆ 1834 ಏನಾಗಿತ್ತು? ನಾನು ಓದಿದ ಭಾಗದಲ್ಲಿ ಈ ಪ್ರಶ್ನೆಗೆ ಜಾಗ ಸಿಗಲಿಲ್ಲ. ಓದದ ಅರ್ಧದ ಬಗ್ಗೆ ನಾನು ತೀರ್ಪು ಕೊಡುವುದಿಲ್ಲ. ಅದೂ ಮೋಹವೇ ಆಗುತ್ತದೆ.

ಕಾದಂಬರಿ ಕಲ್ಪನೆ ತಾನೇ, ಅದಕ್ಕೆ ಈ ಲೆಕ್ಕ ಯಾಕೆ ಎನ್ನಬಹುದು. ಬಾಬಾಸಾಹೇಬರು 1948ರ ತಮ್ಮ 'ಅಸ್ಪೃಶ್ಯರು' ಗ್ರಂಥದ ಮುನ್ನುಡಿಯಲ್ಲಿ ಇದನ್ನೇ ಚರ್ಚಿಸುತ್ತಾರೆ. ನಿಜ ಸುಳ್ಳುಗಳನ್ನು, ಖಚಿತ ಅನುಮಾನಗಳನ್ನು ಬೇರೆ ಮಾಡಬೇಕೆಂಬ ಗಯಟೆಯ ಮಾತನ್ನು ನೆನೆಯುತ್ತಾರೆ. ದಾಖಲೆಯ ಕೊಂಡಿ ಕಳಚಿದ ಕಡೆ ಕಲ್ಪನೆಯಿಂದ ಜೋಡಿಸುವ ಹಕ್ಕನ್ನೂ ಸಮರ್ಥಿಸುತ್ತಾರೆ. ಯಾರಿಗೆ ಚರಿತ್ರೆಯೇ ಬರೆದಿಲ್ಲವೋ ಅವರಿಗಾಗಿ ಅವರು ಕಲ್ಪನೆಯನ್ನು ದುಡಿಸಿದರು. ರಾಜನಿಗೆ ದಾಖಲೆಯೂ ಇದೆ, ಕಾದಂಬರಿಯೂ ಇದೆ. ಗದ್ದೆಯ ಆಳಿಗೆ ಎರಡೂ ಕಡಿಮೆ.

ಇನ್ನೊಂದು ಮಾತು. ಬಾಬಾಸಾಹೇಬರು ತಮ್ಮನ್ನು ನೋಯಿಸಿದ ಗ್ರಂಥಗಳನ್ನೂ ಆಳವಾಗಿ ಓದಿದವರು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟ ಮನುಸ್ಮೃತಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಖಂಡಿಸಬೇಕಾದರೆ ಪೂರ್ತಿ ಓದಲೇಬೇಕು. ಮನಸ್ಸಿನ ಜೊತೆಗಾರನಾಗಲಿ ಎಂದು ಹಿಡಿದ ಪುಸ್ತಕವನ್ನು ಮಾತ್ರ ನಮಸ್ಕರಿಸಿ ಕೆಳಗಿಡಬಹುದು. ಆದರೆ ಅದು ಎಬ್ಬಿಸಿದ ಪ್ರಶ್ನೆಯನ್ನು ಕೆಳಗಿಡಬಾರದು. ನಾನೀಗ ಕಾದಂಬರಿಯ ಬದಲು ಕೊಡಗಿನ ಜೀತದ ಚರಿತ್ರೆ ಓದುತ್ತಿದ್ದೇನೆ. ಆ ತಮ್ಮನೂ ಕಾದಂಬರಿಯನ್ನು ತಾನೇ ಓದಿ ನೋಡಲಿ. ನಾನು ಬಿಟ್ಟೆ ಎಂದು ಅವನೂ ಬಿಟ್ಟರೆ, ಮೇಷ್ಟ್ರು ಹೇಳಿದರೆಂದು ಒಪ್ಪಿದ ಹಾಗಾಯಿತು.

*ಈ ವಾರದ ಅಭ್ಯಾಸ*
1. ನೀವು ಅರ್ಧಕ್ಕೆ ಬಿಟ್ಟ ಒಂದು ಪುಸ್ತಕ ನೆನೆಯಿರಿ. ಬಿಡಿಸಿದ್ದು ಲೋಭವೇ, ದ್ವೇಷವೇ, ಮೋಹವೇ, ತಿಳಿವೇ?
2. ನಿಮ್ಮ ಊರಿನ ಕೋಟೆ, ಅರಮನೆ, ಕೆರೆಯ ಕಥೆಯಲ್ಲಿ ದುಡಿದವರ ಹೆಸರು ಎಲ್ಲಿದೆ? ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಭಾನುವಾರ ಕೂಟಕ್ಕೆ ತನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.