ಕಡಲ ಮಾರ್ಗದಲ್ಲಿ ಸ್ವಂತ ನೌಕೆಯಲ್ಲಿ ಬರುವವರಿಗೆ ಕಾನೂನು ಏನು ಹೇಳುತ್ತದೆ?

ಗೋಕರ್ಣದ ಓಂ ಬೀಚ್ ಆಗಲಿ, ಕಾಪು, ಮಲ್ಪೆ ಆಗಲಿ, ನಮ್ಮ ಕರಾವಳಿಯಲ್ಲಿ ದೋಣಿ ನಿಲ್ಲಿಸಲು ಜಾಗಕ್ಕೆ ಬರವಿಲ್ಲ. ಆದರೆ ವಿದೇಶದಿಂದ ಯಾಟ್‌ನಲ್ಲಿ, ಅಂದರೆ ಖಾಸಗಿ ವಿಹಾರ ನೌಕೆಯಲ್ಲಿ ಬರುವವರು ಚೆಂದ ಕಂಡ ತೀರದಲ್ಲಿ ಲಂಗರು ಹಾಕಿ ದಡಕ್ಕೆ ಇಳಿಯುವಂತಿಲ್ಲ. ವಿಮಾನದಲ್ಲಿ ಬರುವವರಿಗೆ ನಿಲ್ದಾಣವೇ ದಾರಿ ತೋರಿಸುತ್ತದೆ. ಸಮುದ್ರದಲ್ಲಿ ಬರುವವರು ಆ ದಾರಿಯನ್ನು ತಾವೇ ಹುಡುಕಿಕೊಂಡು ಹೋಗಬೇಕು. ಹೋಗದಿದ್ದರೆ ಪ್ರವಾಸಿ ಆರೋಪಿಯಾಗುತ್ತಾನೆ.

ಇಷ್ಟು ಬಿಗಿ ಏಕೆ?

2022ರ ಆಗಸ್ಟ್ 18ರಂದು ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಹರಿಹರೇಶ್ವರದ ಬಳಿ 'ಲೇಡಿ ಹಾನ್' ಎಂಬ ನೌಕೆ ತೇಲಿಬಂತು. ಒಳಗೆ ಜನರಿರಲಿಲ್ಲ, ಮೂರು ಎಕೆ-47 ಬಂದೂಕುಗಳಿದ್ದವು. ಮುಂಬೈ ಸುತ್ತಮುತ್ತ ಕಟ್ಟೆಚ್ಚರ ಘೋಷಿಸಲಾಯಿತು. ಮಸ್ಕತ್‌ನಿಂದ ಯುರೋಪಿಗೆ ಹೊರಟಿದ್ದ, ಆಸ್ಟ್ರೇಲಿಯಾ ಪ್ರಜೆಯೊಬ್ಬರಿಗೆ ಸೇರಿದ ನೌಕೆ ಅದು. ಎಂಜಿನ್ ಕೆಟ್ಟಿದ್ದರಿಂದ ಸಿಬ್ಬಂದಿಯನ್ನು ಜೂನ್‌ನಲ್ಲೇ ರಕ್ಷಿಸಲಾಗಿತ್ತು ಎಂಬುದು ಆಮೇಲೆ ತಿಳಿಯಿತು. ಮುಂಬೈ ಸರಣಿ ಸ್ಫೋಟಕ್ಕೆ ಬಳಸಿದ ಸ್ಫೋಟಕಗಳನ್ನು 1993ರಲ್ಲಿ ಇಳಿಸಿದ್ದು ಇದೇ ರಾಯಗಡ ತೀರದಲ್ಲಿ. 2008ರ ನವೆಂಬರ್ 26ರ ದಾಳಿಕೋರರು ಮುಂಬೈಗೆ ಬಂದದ್ದೂ ಕಡಲ ಮೂಲಕವೇ. ಹೇಳದೆ ಕೇಳದೆ ಬಂದ ನೌಕೆಯನ್ನು ಅಧಿಕಾರಿಗಳು ಅನುಮಾನದಿಂದ ನೋಡುವುದಕ್ಕೆ ಇವೇ ಕಾರಣ.

ಮೊದಲ ನಿಲುಗಡೆ ಎಲ್ಲಿ?

ಕಸ್ಟಮ್ಸ್ ಕಾಯ್ದೆ, 1962ರ ಕಲಂ 29ರ ಪ್ರಕಾರ, ಹೊರದೇಶದಿಂದ ಬಂದ ನೌಕೆ ಮೊದಲು ನಿಲ್ಲಬೇಕಾದದ್ದು ಅಧಿಸೂಚಿತ ಕಸ್ಟಮ್ಸ್ ಬಂದರಿನಲ್ಲಿ. ನಮ್ಮಲ್ಲಿ ಪಣಂಬೂರಿನ ನವ ಮಂಗಳೂರು ಬಂದರು ಅಂಥದ್ದು. ಪಶ್ಚಿಮ ಕರಾವಳಿಗೆ ಬರುವ ಅನೇಕ ಯಾಟ್‌ಗಳು ಕೊಚ್ಚಿಯನ್ನು ಆರಿಸಿಕೊಳ್ಳುತ್ತವೆ. ಅಲ್ಲಿನ ಬೋಲ್ಗಾಟ್ಟಿ ದ್ವೀಪದಲ್ಲಿ ಅಂತರರಾಷ್ಟ್ರೀಯ ಮರೀನಾ ಇದೆ. ದಾರಿಯಲ್ಲಿ ಸಿಗುವ ಲಕ್ಷದ್ವೀಪದಲ್ಲಿ ಇಳಿಯಲು ಪ್ರತ್ಯೇಕ ಪರವಾನಗಿ ಬೇಕು.

ಇಮಿಗ್ರೇಷನ್ ತಪಾಸಣಾ ಠಾಣೆಯೂ ಆ ಬಂದರಿನಲ್ಲಿ ಇರಬೇಕು. ಇ-ವೀಸಾ ಹೊಂದಿದವರು ನಿಗದಿಪಡಿಸಿದ ವಿಮಾನ ನಿಲ್ದಾಣ ಮತ್ತು ಬಂದರುಗಳ ಮೂಲಕವೇ ಒಳಬರಬಹುದು. ಆ ಪಟ್ಟಿಯಲ್ಲಿ ಮಂಗಳೂರು, ಕೊಚ್ಚಿ, ಗೋವಾ, ಮುಂಬೈ, ಚೆನ್ನೈ ಬಂದರುಗಳಿವೆ. ಪಟ್ಟಿ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಅಧಿಕೃತ ವೀಸಾ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ. ಸ್ಥಳೀಯ ಶಿಪ್ಪಿಂಗ್ ಏಜೆಂಟರ ಮೂಲಕ ಬಂದರಿಗೆ ಮುಂಚಿತವಾಗಿ ಮಾಹಿತಿ ಕಳಿಸುವುದು ಒಳ್ಳೆಯದು.

ಬಂದರಿಗೆ ಬಂದ ಮೇಲೆ

1. ಬಂದರು ಸಮೀಪಿಸುತ್ತಲೇ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಪೋರ್ಟ್ ಕಂಟ್ರೋಲ್‌ಗೆ ತಿಳಿಸಿ. ಹಳದಿ ಬಣ್ಣದ 'ಕ್ಯೂ' ಬಾವುಟ ಹಾರಿಸಿ, ತೋರಿಸಿದ ಜಾಗದಲ್ಲೇ ಲಂಗರು ಹಾಕಿ.

2. ಬಂದರು ಆರೋಗ್ಯಾಧಿಕಾರಿ ಒಪ್ಪಿಗೆ ಕೊಡುವವರೆಗೆ, ಕಸ್ಟಮ್ಸ್ ಮತ್ತು ಇಮಿಗ್ರೇಷನ್ ಕೆಲಸ ಮುಗಿಯುವವರೆಗೆ ಯಾರೂ ದಡಕ್ಕೆ ಇಳಿಯಬಾರದು, ಯಾವ ವಸ್ತುವನ್ನೂ ಇಳಿಸಬಾರದು. ಹೊರಗಿನವರನ್ನು ಹತ್ತಿಸಿಕೊಳ್ಳಲೂಬಾರದು.

3. ನೌಕೆಯ ನೋಂದಣಿ ಪತ್ರ, ವಿಮೆ, ಹಿಂದಿನ ಬಂದರಿನ ನಿರ್ಗಮನ ಪತ್ರ, ನೌಕೆಯಲ್ಲಿರುವ ಎಲ್ಲರ ಪಟ್ಟಿ, ಪಾಸ್‌ಪೋರ್ಟ್, ವೀಸಾ, ಲಾಗ್ ಪುಸ್ತಕ, ಸಾಮಗ್ರಿಗಳ ಪಟ್ಟಿ ಕೈಗೆ ಸಿಗುವಂತಿರಲಿ. ಪ್ರತಿಯೊಂದರ ಹಲವು ಪ್ರತಿಗಳಿರಲಿ.

ನೌಕೆಯಲ್ಲಿಟ್ಟುಕೊಂಡ ದಿನಸಿ, ಇಂಧನದಂಥ ಸಾಮಗ್ರಿ ನೌಕೆಯಲ್ಲೇ ಇರುವಷ್ಟು ಕಾಲ ಸುಂಕವಿಲ್ಲ ಎನ್ನುತ್ತದೆ ಕಾಯ್ದೆಯ ಕಲಂ 86. ಅದನ್ನು ದಡಕ್ಕೆ ತಂದರೆ, ಮಾರಿದರೆ, ಸುಂಕ ಮತ್ತು ದಂಡದ ಪ್ರಶ್ನೆ ಏಳುತ್ತದೆ. ವಿದೇಶಿ ನೌಕೆ ಮುಂದೆ ಇನ್ನೊಂದು ಭಾರತೀಯ ಬಂದರಿಗೆ ಹೋಗುವಾಗಲೂ ಬಂದರಿನ ಅನುಮತಿ ಪಡೆದೇ ಹೊರಡಬೇಕು.

2025ರ ಸೆಪ್ಟೆಂಬರ್ 1ರಿಂದ 'ವಲಸೆ ಮತ್ತು ವಿದೇಶಿಯರ ಕಾಯ್ದೆ, 2025' ಜಾರಿಯಲ್ಲಿದೆ. ಹಳೆಯ ನಾಲ್ಕು ಕಾನೂನುಗಳ ಜಾಗಕ್ಕೆ ಬಂದ ಈ ಕಾಯ್ದೆಯಡಿ, ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ದೇಶ ಪ್ರವೇಶಿಸಿದ ವಿದೇಶಿಯರಿಗೆ 5 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು. ಭಾರತೀಯ ಪ್ರಜೆಗೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ತಪಾಸಣೆ ಮಾತ್ರ ಅವರಿಗೂ ತಪ್ಪಿದ್ದಲ್ಲ.

ಬಿರುಗಾಳಿಗೆ ಸಿಕ್ಕರೆ?

ಜೀವ ಉಳಿಸಿಕೊಳ್ಳುವ ಹಕ್ಕನ್ನು ಕಾನೂನು ಕಿತ್ತುಕೊಂಡಿಲ್ಲ. ಅಪಘಾತ, ಕೆಟ್ಟ ಹವೆ ಅಥವಾ ತಪ್ಪಿಸಲಾಗದ ಬೇರೆ ಕಾರಣದಿಂದ ನೌಕೆ ಬೇರೆಡೆ ದಡ ಸೇರಿದರೆ ಅದು ಕಲಂ 29ರ ಉಲ್ಲಂಘನೆಯಾಗದು. ಆದರೆ ನೌಕೆಯ ಹೊಣೆ ಹೊತ್ತವರು ಹತ್ತಿರದ ಕಸ್ಟಮ್ಸ್ ಅಧಿಕಾರಿಗೆ ಅಥವಾ ಪೊಲೀಸ್ ಠಾಣೆಗೆ ಕೂಡಲೇ ತಿಳಿಸಬೇಕು. ಕೇಳಿದರೆ ಲಾಗ್ ಪುಸ್ತಕ ತೋರಿಸಬೇಕು. ಅನುಮತಿಯಿಲ್ಲದೆ ಜನರನ್ನು ದೂರ ಹೋಗಲು ಬಿಡಬಾರದು, ಸರಕು ಇಳಿಸಬಾರದು. ಆರೋಗ್ಯ, ಸುರಕ್ಷತೆ, ಪ್ರಾಣ ಅಥವಾ ಆಸ್ತಿಯ ರಕ್ಷಣೆಗೆ ಅಗತ್ಯವಿದ್ದರೆ ಈ ಕೊನೆಯ ನಿರ್ಬಂಧಗಳಿಗೂ ವಿನಾಯಿತಿ ಇದೆ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಲು ಯಾವ ಮುದ್ರೆಗೂ ಕಾಯಬೇಕಿಲ್ಲ. ಕೋಸ್ಟ್ ಗಾರ್ಡ್ ಸಹಾಯವಾಣಿ 1554, ಕರಾವಳಿ ಕಾವಲು ಪೊಲೀಸರ ಸಹಾಯವಾಣಿ 1093.

ಘೋಷಿಸಲೇಬೇಕಾದವು

ಹಲವರು ಸಿಕ್ಕಿಬೀಳುವುದು ಸ್ಯಾಟಲೈಟ್ ಫೋನ್ ವಿಷಯದಲ್ಲಿ. ಮೊಬೈಲ್ ಸಿಗ್ನಲ್ ಇಲ್ಲದ ನಡುಗಡಲಲ್ಲಿ ಅದು ಪ್ರಾಣರಕ್ಷಕ. ಹಾಗಾಗಿ ನಾವಿಕರಲ್ಲಿ ಸಾಮಾನ್ಯ. ಭಾರತದಲ್ಲಾದರೋ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಥುರಾಯಾ, ಇರಿಡಿಯಂ ಫೋನ್ ಇಟ್ಟುಕೊಳ್ಳುವುದೇ ಅಪರಾಧ. ಗಾರ್ಮಿನ್ ಇನ್‌ರೀಚ್‌ನಂಥ ಪುಟ್ಟ ಸಾಧನ ಹೊಂದಿದ್ದ ವಿದೇಶಿ ಪ್ರವಾಸಿಗರೂ ವಿಮಾನ ನಿಲ್ದಾಣಗಳಲ್ಲಿ ಬಂಧನಕ್ಕೊಳಗಾಗಿದ್ದಾರೆ. ಇಂಥ ಸಾಧನವಿದ್ದರೆ ಪ್ರಯಾಣಕ್ಕೆ ಮೊದಲೇ ಅನುಮತಿಗೆ ಅರ್ಜಿ ಹಾಕಿ.

ಡ್ರೋನ್ ಆಮದನ್ನು 2022ರ ಫೆಬ್ರುವರಿಯಿಂದ ನಿಷೇಧಿಸಲಾಗಿದೆ. ಇ-ಸಿಗರೇಟಿಗೆ 2019ರಿಂದ ನಿಷೇಧವಿದೆ. ಕಡಲ್ಗಳ್ಳರ ಭಯಕ್ಕೆ ಇಟ್ಟುಕೊಂಡ ಬಂದೂಕು ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ವಿದೇಶಿ ನೋಟುಗಳು 5,000 ಡಾಲರ್ ಮೌಲ್ಯವನ್ನು, ಅಥವಾ ನೋಟು ಮತ್ತು ಟ್ರಾವೆಲರ್ಸ್ ಚೆಕ್ ಸೇರಿ 10,000 ಡಾಲರ್ ಮೌಲ್ಯವನ್ನು ಮೀರಿದರೆ ಘೋಷಣೆ ಕಡ್ಡಾಯ.

ಕೇಳುವ ಮುಂಚೆಯೇ ಹೇಳುವುದರಿಂದ ಒಂದು ದೊಡ್ಡ ಲಾಭವಿದೆ. ಕಸ್ಟಮ್ಸ್ ಕಾಯ್ದೆಯ ಕಲಂ 77ರಂತೆ ಲಗೇಜಿನ ನಿಜ ಘೋಷಣೆ ಮಾಡಿದವರು, ಸುಂಕ ತೆರಬೇಕಾದ ಅಥವಾ ನಿಷೇಧಿತ ವಸ್ತುವನ್ನು ದೇಶ ಬಿಡುವಾಗ ಮರಳಿ ಪಡೆಯುವ ಷರತ್ತಿನ ಮೇಲೆ ಇಲಾಖೆಯ ವಶದಲ್ಲಿಡಲು ಕಲಂ 80ರಡಿ ಕೋರಬಹುದು. ಮುಚ್ಚಿಟ್ಟವರು ಈ ಅವಕಾಶ ಕಳೆದುಕೊಳ್ಳುತ್ತಾರೆ.

ತಪಾಸಣೆಯ ವೇಳೆ ನಿಮ್ಮ ಹಕ್ಕುಗಳು

ಕಸ್ಟಮ್ಸ್ ಅಧಿಕಾರಿಗಳು ವಾರಂಟ್ ಇಲ್ಲದೆಯೂ ನೌಕೆ ಹತ್ತಿ ಶೋಧಿಸಬಹುದು. ಅದನ್ನು ತಡೆಯಬೇಡಿ. ದೇಹ ಶೋಧಕ್ಕೆ ಮುಂದಾದಾಗ ಮಾತ್ರ ಕಲಂ 102 ನೆನಪಿರಲಿ: ನಿಮ್ಮನ್ನು ಗೆಜೆಟೆಡ್ ಕಸ್ಟಮ್ಸ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯುವಂತೆ ಕೇಳಬಹುದು. ಶೋಧಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು. ಮಹಿಳೆಯನ್ನು ಮಹಿಳೆಯೇ ಶೋಧಿಸಬೇಕು. ಪಂಚನಾಮೆಯನ್ನು ಓದಿದ ಮೇಲಷ್ಟೇ ಸಹಿ ಮಾಡಿ. ಭಾಷೆ ಅರ್ಥವಾಗದಿದ್ದರೆ ಓದಿ ಹೇಳಿಸಿಕೊಳ್ಳಿ.

ವಸ್ತುವನ್ನು ಜಪ್ತಿ ಮಾಡಿದರೆ ಆರು ತಿಂಗಳೊಳಗೆ ಕಾರಣ ಕೇಳಿ ನೋಟಿಸ್ ಕೊಡಬೇಕು. ಕಾರಣ ದಾಖಲಿಸಿ ಇನ್ನೂ ಆರು ತಿಂಗಳು ವಿಸ್ತರಿಸಬಹುದು. ಅದೂ ಮೀರಿದರೆ ವಸ್ತುವನ್ನು ಹಿಂತಿರುಗಿಸಬೇಕು. 'ನೋಟಿಸ್ ಬೇಡ, ವಿಚಾರಣೆ ಬೇಡ' ಎಂದು ಮೊದಲೇ ಮುದ್ರಿಸಿಟ್ಟ ಹಾಳೆಗೆ ಸಹಿ ಹಾಕಬೇಡಿ. ಅಂಥ ಸಹಿ ಕಾನೂನಿನ ಮುಂದೆ ನಿಲ್ಲದು ಎಂದು ದೆಹಲಿ ಹೈಕೋರ್ಟ್ 2025ರಲ್ಲಿ ಹೇಳಿದೆ. ಆದೇಶ ಕೈಸೇರಿದ 60 ದಿನಗಳೊಳಗೆ ಕಸ್ಟಮ್ಸ್ ಆಯುಕ್ತರಿಗೆ (ಮೇಲ್ಮನವಿ) ಮೇಲ್ಮನವಿ ಸಲ್ಲಿಸಬಹುದು.

ಬಂಧಿಸಿದರೆ ಕಾರಣ ತಿಳಿಯುವ, ತನ್ನ ಆಯ್ಕೆಯ ವಕೀಲರನ್ನು ಪಡೆಯುವ, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ಶತ್ರುದೇಶದ ಪ್ರಜೆಗಳನ್ನು ಬಿಟ್ಟರೆ ಇದು ವಿದೇಶಿಯರಿಗೂ ಅನ್ವಯಿಸುತ್ತದೆ. ಕಸ್ಟಮ್ಸ್ ಬಂಧನದಲ್ಲೂ ಈ ರಕ್ಷಣೆಗಳನ್ನು ಪಾಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ರಾಧಿಕಾ ಅಗರ್ವಾಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ವಿದೇಶಿಯರು ತಮ್ಮ ದೇಶದ ರಾಯಭಾರ ಕಚೇರಿಗೆ ತಿಳಿಸುವಂತೆಯೂ ಕೇಳಬಹುದು.

ಕರಾವಳಿಯ ಬಂಧುಗಳಿಗೆ

ಅಪರಿಚಿತ ನೌಕೆಯಿಂದ ಯಾರಾದರೂ ಕೈಬೀಸಿ ಕರೆದರೆ, ತಪಾಸಣೆ ಮುಗಿಯದವರನ್ನು ಕಾಸಿಗಾಗಿಯೋ ಕರುಣೆಯಿಂದಲೋ ನಿಮ್ಮ ದೋಣಿಯಲ್ಲಿ ಸದ್ದಿಲ್ಲದೆ ದಡಕ್ಕೆ ತರಬೇಡಿ. ಅಪಾಯದಲ್ಲಿದ್ದವರನ್ನು ಖಂಡಿತ ರಕ್ಷಿಸಿ, ಜೊತೆಗೇ 1093ಕ್ಕೆ ತಿಳಿಸಿ. ಹೋಂಸ್ಟೇ ನಡೆಸುವವರು ವಿದೇಶಿ ಅತಿಥಿ ಬಂದ 24 ಗಂಟೆಗಳೊಳಗೆ ನೋಂದಣಿ ಅಧಿಕಾರಿಗೆ ಮಾಹಿತಿ ನೀಡಬೇಕು.

ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಗೊಂದಲವಾದಾಗ ಮಧ್ಯವರ್ತಿಗಳಿಗೆ ಹಣ ಕೊಡುವ ಮೊದಲು ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಿ.