ಹೊರಗಿನಿಂದ ಬಂದ ಗಿಡಗಳೆಲ್ಲ ಹಾನಿಕರವೇ?



ಚೇಳೂರು ಭಾಗದ ಸಂಘಗಳ ಸಭೆಗಳಲ್ಲಿ ಸದಸ್ಯರು ಒಂದು ಪ್ರಶ್ನೆ ಕೇಳುವುದುಂಟು. "ಸೀಮೆ ಹಸು ಕಟ್ಟಿ ಅಂತೀರಿ, ಹೊರದೇಶದ ಹುಲ್ಲು ಬೆಳೀರಿ ಅಂತೀರಿ. ಕಾಂಗ್ರೆಸ್ ಗಿಡ, ಲಂಟಾನ ಮಾತ್ರ ಹೊರಗಿಂದ ಬಂದವು, ಕಿತ್ತು ಹಾಕಿ ಅಂತೀರಿ. ಇದೆಂಥ ನ್ಯಾಯ ಸಾರ್?" ಪ್ರಶ್ನೆ ನ್ಯಾಯವಾದದ್ದೇ. ಉತ್ತರ ತಿಳಿದಿರುವುದು ರಾಸುಗಳ ಜೀವಕ್ಕೂ ಒಳ್ಳೆಯದು.

ನಮ್ಮ ಕೊಟ್ಟಿಗೆಯನ್ನೇ ನೋಡೋಣ. ಕಪ್ಪು ಬಿಳುಪಿನ ಎಚ್.ಎಫ್. ತಳಿ ಹಾಲೆಂಡ್ ಕಡೆಯದು. ಜರ್ಸಿ ಬಂದದ್ದು ಅದೇ ಹೆಸರಿನ ದ್ವೀಪದಿಂದ. ನೇಪಿಯರ್ ಮತ್ತು ಗಿನಿ ಹುಲ್ಲು ಆಫ್ರಿಕಾದವು, ಮುಸುಕಿನ ಜೋಳ ಮೆಕ್ಸಿಕೋದ್ದು. ನಮ್ಮದೇ ಎಂದು ನಾವು ಹೆಮ್ಮೆಪಡುವ ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದ ಬೆಳೆ. ಹುಣಸೆ ಮರವೂ ಹಾಗೆಯೇ. ಚೇಳೂರಿನ ಹಲಸು ಮತ್ತು ಹಳ್ಳಿಕಾರ್ ದನ ಈ ಸೀಮೆಯವೇ. ಇನ್ನೊಂದು ಕಡೆ ಗುಲಗಂಜಿಯೂ ಈ ನೆಲದ ಬಳ್ಳಿಯೇ, ಆದರೆ ಅದರ ಬೀಜ ಅರೆದರೆ ಘೋರ ವಿಷ. ಆದ್ದರಿಂದ ಎಲ್ಲಿಯದು ಎಂದು ಕೇಳುವುದಕ್ಕಿಂತ ಏನು ಮಾಡುತ್ತದೆ ಎಂದು ಕೇಳುವುದು ಮುಖ್ಯ.

ವಿಜ್ಞಾನಿಗಳಲ್ಲೂ ಈ ಜಗಳ ಇದೆ. 2011ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಮೆರಿಕದ ಮಾರ್ಕ್ ಡೇವಿಸ್ ಮತ್ತು 18 ಸಂಗಡಿಗರು, ಜೀವಿಗಳನ್ನು ಮೂಲ ನೋಡಿ ತೂಗಬೇಡಿ ಎಂದು ಬರೆದರು. ಡೇನಿಯಲ್ ಸಿಂಬರ್ಲಾಫ್ ಮುಂತಾದ 141 ವಿಜ್ಞಾನಿಗಳು ಇದನ್ನು ಆಕ್ಷೇಪಿಸಿದರು. ಹಾನಿ ಕಣ್ಣಿಗೆ ಕಾಣುವ ಹೊತ್ತಿಗೆ ಕೈಮೀರಿರುತ್ತದೆ ಎಂಬುದು ಅವರ ವಾದ. ವಿವಿಧ ದೇಶಗಳು ಸೇರಿ ನಡೆಸುವ ಜೀವವೈವಿಧ್ಯ ವೇದಿಕೆಯ 2023ರ ವರದಿಯ ಪ್ರಕಾರ, ಮನುಷ್ಯರಿಂದ ಹೊಸ ನೆಲ ಸೇರಿದ ಜೀವಿಜಾತಿಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕರ ಎನಿಸಿದವು ಸುಮಾರು 3,500. ಹತ್ತರಲ್ಲಿ ಒಂದು ಕೂಡ ಇಲ್ಲ. ಆದರೆ ಆ ಒಂದು ನಮ್ಮ ಬದುವಿನಲ್ಲಿದ್ದರೆ ಉಳಿದ ಒಂಬತ್ತರಿಂದ ನಮಗೇನು ಸಮಾಧಾನ?

ಕಾಂಗ್ರೆಸ್ ಗಿಡ (ಪಾರ್ಥೇನಿಯಂ)

ಅಮೆರಿಕ ಖಂಡದ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂತು. ಆಮದಾದ ಗೋಧಿಯ ಜೊತೆ ಬಂದಿರಬೇಕೆಂಬುದು ಬಹುಜನರ ಅಭಿಪ್ರಾಯ. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಅಪಾಯಕಾರಿ ಕಳೆ ಎಂದು ಘೋಷಿಸಿತು. ಒಂದು ಗಿಡ ಹದಿನೈದು ಸಾವಿರಕ್ಕೂ ಮೇಲ್ಪಟ್ಟು ಬೀಜ ಉದುರಿಸಬಲ್ಲದು.

ಬಿಟ್ಟು ಮೇಯುವ ದನ ಇದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ತೊಂದರೆ ಬರುವುದು ನಾವು ಕೊಯ್ದು ಹಾಕುವಾಗ. ಬದುವಿನ ಹುಲ್ಲಿನ ಜೊತೆ ಇದನ್ನೂ ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟರೆ ಹಸು ಆರಿಸಿ ಬಿಡಲಾರದು. ಮೇವಿನಲ್ಲಿ ಇದು ಹೆಚ್ಚಾದರೆ ಚರ್ಮ ತುರಿಸಿ ಕೂದಲು ಉದುರುತ್ತದೆ, ಬಾಯಿ ಮತ್ತು ಕರುಳು ಹುಣ್ಣಾಗುತ್ತವೆ. ಮೇವಿನ ಶೇಕಡ 10ರಿಂದ 50 ಭಾಗ ಇದೇ ಆದರೆ ದನ, ಎಮ್ಮೆಗಳು ಸಾಯಬಹುದೆಂದು ಪ್ರಯೋಗಗಳು ತೋರಿಸಿವೆ. ಹಾಲೂ ಕಹಿಯಾಗುತ್ತದೆ. ಒಬ್ಬರ ಕಹಿ ಹಾಲು ಕ್ಯಾನಿಗೆ ಬಿದ್ದರೆ ಹಾಳಾಗುವುದು ಹತ್ತು ಮನೆಯ ಹಾಲು.

ಇಲ್ಲೊಂದು ತಮಾಷೆ ಇದೆ. ಈ ಕಳೆ ತಿನ್ನಲು ತಂದ ಜೀರುಂಡೆಯೂ ಮೆಕ್ಸಿಕೋದ್ದೇ! 1984ರಲ್ಲಿ ಅದನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಸೂರ್ಯಕಾಂತಿ ಎಲೆಯ ಮೇಲೂ ಕಂಡಾಗ ದೊಡ್ಡ ಗಲಾಟೆಯಾಗಿ, ಪರಿಶೀಲನೆಯ ನಂತರ ಬೆಳೆಗೆ ಅಪಾಯವಿಲ್ಲವೆಂದು ತೀರ್ಮಾನವಾಯಿತು. ಮಳೆಗಾಲದಲ್ಲಿ ಎಲೆಗಳನ್ನು ತಿಂದು ಜರಡಿ ಮಾಡುವ, ಕಪ್ಪು ಗೆರೆಗಳುಳ್ಳ ಈ ಹುಳು ಕಂಡರೆ ಔಷಧಿ ಹೊಡೆಯಬೇಡಿ. ಬೇಸಿಗೆಯಲ್ಲಿ ಅದು ಮಣ್ಣಿನಲ್ಲಿ ಅಡಗುವುದರಿಂದ ಅದನ್ನೇ ನಂಬಿ ಕೂರುವಂತಿಲ್ಲ. ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು, ಬೇರುಸಹಿತ ಕಿತ್ತು ತಿಪ್ಪೆಗುಂಡಿಗೆ ಹಾಕಿ. ಹೂ ಬಿಟ್ಟ ಮೇಲೆ ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಬೀಜವನ್ನೂ ಹೊಲಕ್ಕೆ ಹೊತ್ತಂತೆ.

ಲಂಟಾನ

ಬ್ರಿಟಿಷರು ಹೂವಿನ ಅಂದಕ್ಕೆಂದು ತಂದ ಈ ಗಿಡ ಈಗ ಬೇಲಿ, ಗುಡ್ಡ, ಕಾವಲುಗಳನ್ನೆಲ್ಲ ಹಿಡಿದಿದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಇದರ ಕಡ್ಡಿಯಿಂದ ಕುರ್ಚಿ, ಮೇಜು ಮಾಡಿ ಸಂಪಾದಿಸುತ್ತಾರೆ. ಅದು ಒಳ್ಳೆಯ ಕೆಲಸವೇ. ಆದರೂ ಹುಲ್ಲು ಬೆಳೆಯಬೇಕಾದ ಜಾಗವನ್ನು ಇದು ನುಂಗಿರುವುದು ಸುಳ್ಳಲ್ಲ.

ಬರಗಾಲದಲ್ಲಿ ಹಸಿದ ದನ, ಸಂತೆಯಿಂದ ಹೊಸದಾಗಿ ತಂದ ದನ ಇದನ್ನು ತಿನ್ನುತ್ತವೆ. ಇದರ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಒಂದೆರಡು ದಿನದಲ್ಲಿ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ರಾಸು ನೆರಳು ಹುಡುಕುತ್ತದೆ. ಎಚ್.ಎಫ್. ಮಿಶ್ರತಳಿಯಲ್ಲಿ ಗುರುತು ಇನ್ನೂ ಸ್ಪಷ್ಟ: ಬಿಸಿಲಿಗೆ ಬಿಳಿ ಚರ್ಮ ಮಾತ್ರ ಊದಿ, ಬಿರಿದು, ಸುಲಿಯುತ್ತದೆ, ಪಕ್ಕದ ಕಪ್ಪು ಚರ್ಮ ಸರಿಯಾಗಿರುತ್ತದೆ. ಇದನ್ನು ದೃಷ್ಟಿ ತಾಗಿದ್ದು ಎಂದು ಕೈಕಟ್ಟಿ ಕೂತು ರಾಸು ಕಳೆದುಕೊಳ್ಳಬೇಡಿ.

ಬಳ್ಳಾರಿ ಜಾಲಿ, ಸುಬಾಬುಲ್

ಶಿರಾ, ಪಾವಗಡ ಕಡೆಯವರಿಗೆ ಬಳ್ಳಾರಿ ಜಾಲಿ ಸೌದೆ, ಇದ್ದಿಲು ಎಲ್ಲವೂ ಹೌದು. ಸಿಹಿಯಾದ ಕಾಯಿಯನ್ನು ದನ ಆಸೆಪಟ್ಟು ತಿನ್ನುತ್ತದೆ. ಸ್ವಲ್ಪವಾದರೆ ಒಳ್ಳೆಯ ಮೇವು. ವಾರಗಟ್ಟಲೆ ಅದೇ ಮೇವಾದರೆ ದವಡೆ ಸೋತು, ಜೊಲ್ಲು ಸುರಿದು, ರಾಸು ಬಡಕಲಾಗುತ್ತದೆ. ಬೀಜ ಸಗಣಿಯಲ್ಲಿ ಹಾಗೇ ಬಂದು ಹೊಸ ಜಾಗದಲ್ಲಿ ಮೊಳೆಯುತ್ತದೆ. ಕಾಯಿ ಒಣಗಿಸಿ ಬೀಸಿ ಕೊಟ್ಟರೆ ಆ ಕಾಟವಿಲ್ಲ. ಸುಬಾಬುಲ್ ನಾವೇ ಹೇಳಿ ಬೆಳೆಸಿದ ಮೆಕ್ಸಿಕೋ ಮರ. ಅದೂ ಹಸಿರು ಮೇವಿನ ಮೂರನೇ ಒಂದು ಭಾಗ ಮೀರಬಾರದು, ಮೀರಿದರೆ ಕೂದಲು ಉದುರುತ್ತದೆ.

ಲಂಟಾನ ತಿಂದ ಅನುಮಾನ ಬಂದರೆ ರಾಸನ್ನು ಕೂಡಲೇ ಕತ್ತಲೆ ಕೊಟ್ಟಿಗೆಗೆ ಕಟ್ಟಿ, ನೀರಿಡಿ. ಮಲಬದ್ಧತೆಯೆಂದು ಗೊಟ್ಟದಲ್ಲಿ ಎಣ್ಣೆ ಹಾಕಿ ಎರಡು ದಿನ ಕಾಯಬೇಡಿ. ಹೊಟ್ಟೆಯಲ್ಲಿ ನಿಂತ ಸೊಪ್ಪಿನಿಂದ ವಿಷ ಏರುತ್ತಲೇ ಇರುತ್ತದೆ. ಪಶುವೈದ್ಯರು ಬಂದಾಗ ದನ ಮೇಯ್ದ ಬೇಲಿಯಿಂದ ಒಂದು ಟಿಸಿಲು ಮುರಿದು ತಂದು ತೋರಿಸಿ.